ಹಳೆ ಮನೆ ಮಾರೋ ಮುಂಚೆ ಬೆಡ್‌ರೂಮ್ ಗೋಡೆ ಒಡೀಬೇಕಾ?

ಎರಡು ಚಿಕ್ಕ ರೂಮ್ ಸೇರಿಸಿ ಒಂದು ದೊಡ್ಡ ಮಾಸ್ಟರ್ ಬೆಡ್‌ರೂಮ್ ಮಾಡಿಬಿಡೋಣ. ಹಳೆ ಮನೆ ರಿಪೇರಿ ಮಾಡಿಸಿ ಮಾರೋಕೆ ಹೊರಟವರ ಬಾಯಲ್ಲಿ ಮೊದಲು ಬರೋ ಮಾತು ಇದೇ. ಬೇಡ ಅಂತೀನಿ ನಾನು. ಇರೋದೇ ಮೂರು ರೂಮ್ ಆದ್ರೆ ಖಂಡಿತ ಬೇಡ. ಕೊಳ್ಳೋರು ಮನೆ ಹುಡುಕೋದೇ ಬೆಡ್‌ರೂಮ್ ಲೆಕ್ಕದಲ್ಲಿ. ಮೂರು ಬೇಕು ಅನ್ನೋರ ಕಣ್ಣಿಗೆ ನಿಮ್ಮ ಎರಡು ರೂಮಿನ ಮನೆ ಬೀಳೋದೇ ಇಲ್ಲ, ಆ ರೂಮ್ ಎಷ್ಟೇ ಭವ್ಯವಾಗಿರಲಿ.

ಹಾಗಾದ್ರೆ ದುಡ್ಡು ಎಲ್ಲಿ ಹಾಕೋದು? ಬಾಗಿಲಿಗೆ.

10 ಅಡಿಗೆ 10 ಅಡಿ ರೂಮ್ ತಗೊಳ್ಳಿ. ಕ್ವೀನ್ ಸೈಜ್ ಮಂಚ ಅಂದ್ರೆ 5 ಅಡಿ ಅಗಲ, ಆರೂವರೆ ಅಡಿ ಉದ್ದ. ಮಂಚದ ಕಾಲ ಕಡೆ ಉಳಿಯೋದು ಮೂರೂವರೆ ಅಡಿ. ಅಲ್ಲಿ 2 ಅಡಿ ಆಳದ ವಾರ್ಡ್‌ರೋಬ್ ಇಟ್ರೆ ಮಿಕ್ಕಿದ್ದು ಒಂದೂವರೆ ಅಡಿ, ಅದರ ಬಾಗಿಲು ತೆಗೆದು ಎದುರಿಗೆ ನಿಲ್ಲೋಕಾಗಲ್ಲ. ಅದೇ ವಾರ್ಡ್‌ರೋಬ್‌ನ ಮಂಚದ ಪಕ್ಕದ ಗೋಡೆಗೆ ತನ್ನಿ: ಆ ಕಡೆ ಓಡಾಡೋಕೆ 2 ಅಡಿ, ಇನ್ನೊಂದು ಕಡೆ 1 ಅಡಿ. ಇಕ್ಕಟ್ಟೇ, ಆದ್ರೆ ನಡೆಯುತ್ತೆ. ಇದಕ್ಕೆ ತೂತಿಲ್ಲದ ಒಂದು ಪೂರ್ತಿ ಗೋಡೆ ಬೇಕು. ಹಳೆ ಮನೆಗಳಲ್ಲಿ ಸಿಗದೇ ಇರೋದು ಅದೇ: ಒಂದು ಗೋಡೇಲಿ ಕಿಟಕಿ, ಇನ್ನೊಂದರಲ್ಲಿ ಬಾಗಿಲು, ಮೂರನೇದರಲ್ಲಿ ಪಕ್ಕದ ರೂಮಿಗೆ ಹೋಗೋ ಬಾಗಿಲು, ಉಳಿದ ಒಂದು ಮಂಚದ ತಲೆ ಕಡೆಗೇ ಹೋಗಿಬಿಡುತ್ತೆ. ಆ ಒಳಬಾಗಿಲು ಮುಚ್ಚಿಸಿ. ಚೌಕಟ್ಟು ಕಿತ್ತು, ಇಟ್ಟಿಗೆಯನ್ನ ಹಳೆ ಗೋಡೆಗೆ ಹಲ್ಲು ಕೊಟ್ಟು (ಸಾಲು ಬಿಟ್ಟು ಸಾಲು ಹಳೆ ಗೋಡೆ ಒಳಗೆ ಸೇರೋ ಹಾಗೆ) ಕಟ್ಟಿಸಿ, ಹಳೇದು ಹೊಸದು ಸೇರೋ ಜಾಗಕ್ಕೆ ಮೆಶ್, ಅಂದ್ರೆ ಜಾಲರಿ, ಹೊಡೆದೇ ಪ್ಲಾಸ್ಟರ್ ಮಾಡಿಸಿ. ಮೆಶ್ ಬಿಟ್ರೆ ಮುಚ್ಚಿದ ಬಾಗಿಲಿನ ಆಕಾರದಲ್ಲೇ ಬಿರುಕು ಬಿಡುತ್ತೆ, ಮನೆ ನೋಡೋಕೆ ಬಂದವರು ಮೊದಲು ಬೆರಳಿಡೋದು ಅಲ್ಲೇ.

ಒಂದು ರೂಮ್ ದಾಟೇ ಇನ್ನೊಂದಕ್ಕೆ ಹೋಗಬೇಕು ಅಂತಿದ್ರೆ ಮಾತ್ರ, ದಾಟೋ ರೂಮಲ್ಲಿ ಹೊಸ ಗೋಡೆ ಏಳಿಸಿ ಪ್ಯಾಸೇಜು ಮಾಡೋದಕ್ಕೆ ಅರ್ಥ ಇದೆ. ಆ ದಾಟೋ ರೂಮ್ 13 ಅಡಿ ಅಗಲ ಇದ್ರೆ, 3 ಅಡಿ ಪ್ಯಾಸೇಜು, 4 ಇಂಚು ಗೋಡೆ ಕಳೆದು ಒಂಬತ್ತೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತೆ. 11 ಅಡಿ ಇದ್ರೆ ಕೈಬಿಡಿ, ಒಳಗಿನದನ್ನ ಓದೋ ಕೋಣೆ ಅಂತಲೇ ತೋರಿಸಿ. ಇರೋ ಒಂದೇ ಕಿಟಕಿ ಪ್ಯಾಸೇಜಿಗೆ ಹೋಗದ ಹಾಗೆ ನೋಡ್ಕೊಳ್ಳಿ. ಕಿಟಕಿ ಇಲ್ಲದ್ದನ್ನ ಬೆಡ್‌ರೂಮ್ ಅಂತ ಯಾರೂ ಒಪ್ಪಲ್ಲ. ಜಿಪ್ಸಮ್ ಬೋರ್ಡ್ ಗೋಡೆ ಆದ್ರೆ ಮಧ್ಯೆ ರಾಕ್‌ವೂಲ್ (ಸದ್ದು ತಡೆಯೋ ಉಣ್ಣೆ ಥರದ ಪದರ) ತುಂಬಿಸಿ, ಇಲ್ಲಾಂದ್ರೆ ಪಕ್ಕದ ರೂಮಿನ ಫೋನ್ ಮಾತೆಲ್ಲ ಕೇಳುತ್ತೆ.

ಇನ್ನೂ ಗೋಡೆ ಒಡೀಲೇಬೇಕು ಅನ್ನೋ ಹಟ ಇದ್ರೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ. 9 ಇಂಚಿನದು ಭಾರ ಹೊರುತ್ತೆ, ನಾಲ್ಕೂವರೆ ಇಂಚಿನದು ಹೊರಲ್ಲ ಅನ್ನೋ ಮೇಸ್ತ್ರಿ ಲೆಕ್ಕ ಎಲ್ಲ ಕಡೆ ನಿಜ ಅಲ್ಲ. ತೆಳು ಗೋಡೆ ಮೇಲೂ ಮಹಡಿ ಗೋಡೆನೋ ಛಾವಣಿ ತೊಲೆನೋ ಕೂತಿರಬಹುದು. ಗೋಡೆ ಹೋದ ಮೇಲೆ ನೆಲದಲ್ಲಿ ಅದರಗಲದ ಪಟ್ಟಿ ಉಳಿಯುತ್ತೆ. ಹಳೆ ಮೊಸಾಯಿಕ್‌ಗೆ ಹೊಂದೋದು ಸಿಗಲ್ಲ, ಕೊನೆಗೆ ಎರಡೂ ರೂಮಿನ ನೆಲ ಹೊಸದಾಗಿ ಹಾಕಿಸಬೇಕಾಗುತ್ತೆ. ಆ ಖರ್ಚನ್ನ ಯಾರೂ ಮೊದಲೇ ಬರೆದಿಟ್ಟಿರಲ್ಲ.

ಅಟ್ಯಾಚ್ಡ್ ಬಾತ್‌ರೂಮ್ ಸೇರಿಸೋದಾ? ಈಗಿರೋ ಬಾತ್‌ರೂಮಿಗೆ ಬೆನ್ನು ತಾಗಿದ್ರೆ ಸೇರಿಸಿ. ದೂರ ಆದ್ರೆ ಇಳಿಜಾರು ಕಾಡುತ್ತೆ. ಕಮೋಡಿನ 4 ಇಂಚು ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಅಂತ ಹಿಡಿದ್ರೆ, 12 ಅಡಿ ದೂರಕ್ಕೇ ಮೂರೂವರೆ ಇಂಚಿನ ಮೇಲೆ. ಪೈಪಿನ ದಪ್ಪವೂ ಸೇರಿ ನೆಲ ಹತ್ತಿರ ಹತ್ತಿರ 8 ಇಂಚು ಏರುತ್ತೆ. ಬೆಡ್‌ರೂಮಿಂದ ಬಾತ್‌ರೂಮಿಗೆ ಮೆಟ್ಟಿಲು ಹತ್ತಬೇಕು ಅಂದ್ರೆ, ವಯಸ್ಸಾದವರು ಇರೋ ಮನೆಯವರು ಅಲ್ಲೇ ಬೇಡ ಅಂದುಬಿಡ್ತಾರೆ.