ಇಳಿದದ್ದು ಟ್ರಕ್ಕಿನ ಮೈ, ಏರಿದ್ದು ಚಕ್ರ

ಅಧ್ಯಕ್ಷರೇ, ಗೆಳೆಯರೇ,

ನನಗಿಂತ ಮುಂಚೆ ಬಣ್ಣದ ಬಗ್ಗೆ ಮಾತಾಡಿದವರು ಸೊಗಸಾಗಿ ಮಾತಾಡಿದರು, ನನ್ನ ಹೊತ್ತಿನಲ್ಲೂ ಅರ್ಧ ಮಾತಾಡಿದರು. ಹಾಗಾಗಿ ಪೀಠಿಕೆ ಬೇಡ. ಒಳಗೆ ಬರುವಾಗ ಹೊರಗೆ ನಿಂತಿರುವ ಹಳೇ ಪಿಕಪ್‌ಗಳನ್ನು ಬಗ್ಗಿ ನೋಡಿದೆ. ಒಂದೆರಡರ ಮುಂದಿನ ಚಕ್ರಗಳು ಮೇಲ್ಗಡೆ ಒಳಕ್ಕೆ ವಾಲಿಕೊಂಡು, ಈಗಷ್ಟೇ ಹುಟ್ಟಿದ ಕರು ಕಾಲಗಲಿಸಿ ನಿಂತ ಹಾಗಿವೆ. ಮಾಲೀಕರು ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ.

ಚೆಂದಕ್ಕೆ ಅಂತ ಹಳೇ ಪಿಕಪ್‌ನ ಮೈಯನ್ನು ನೆಲಕ್ಕೆ ಹತ್ತಿರ ತಂದರೆ ನಾವು 'ಗಾಡಿ ಇಳಿಸಿದೆ' ಅಂತೀವಿ. ಚಕ್ರ ಎಲ್ಲಿಗೆ ಇಳಿಯುತ್ತೆ? ಅದು ನೆಲದ ಮೇಲೇ ಇರುತ್ತೆ. ಇಳಿಯೋದು ಫ್ರೇಮು, ಅಂದರೆ ಮೈ ಹೊತ್ತಿರುವ ಚೌಕಟ್ಟು. ಫ್ರೇಮಿನ ಕಡೆಯಿಂದ ನೋಡಿದರೆ ಚಕ್ರ ಮೇಲಕ್ಕೆ ಹೋಯಿತು. ಇವತ್ತು ನಾನು ಹೇಳೋದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

1967ರಿಂದ 72ರವರೆಗಿನ ಶೆವ್ರೊಲೆ ಸಿ-10 ಪಿಕಪ್ ತಗೊಳ್ಳಿ. ಮುಂದೆ ಕಾಯಿಲ್ ಸ್ಪ್ರಿಂಗು, ಚಕ್ರವನ್ನು ಫ್ರೇಮಿಗೆ ಹಿಡಿದಿಡೋಕೆ ಮೇಲೊಂದು ಆರ್ಮು, ಕೆಳಗೊಂದು ಆರ್ಮು. ಮೇಲಿನದು ಗಿಡ್ಡ, ಕೆಳಗಿನದು ಉದ್ದ. ಚಕ್ರ ಮೇಲೇರಿದಂತೆ ಗಿಡ್ಡ ಆರ್ಮು ಬೇಗ ಒಳಕ್ಕೆ ತಿರುಗಿ ಚಕ್ರದ ತಲೆಯನ್ನು ಎಳೆದುಕೊಳ್ಳುತ್ತೆ. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಮೈನಸ್‌ಗೆ ಹೋಯಿತು. ಚಕ್ರವನ್ನು ಸ್ಟೇರಿಂಗ್‌ಗೆ ಜೋಡಿಸುವ ಟೈ ರಾಡು ಬೇರೆಯದೇ ಕಮಾನಿನಲ್ಲಿ ತಿರುಗುತ್ತೆ, ಹಾಗಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಅದೂ ಕೆಟ್ಟಿತು. ಕಂಪನಿಯವರು ಈ ಕೋನಗಳನ್ನೆಲ್ಲ ಒಂದು ಎತ್ತರಕ್ಕೆ ಲೆಕ್ಕ ಹಾಕಿಟ್ಟಿದ್ದರು. ನಾವು ಗ್ರೈಂಡರ್ ಹಿಡಿದು ಆ ಲೆಕ್ಕಕ್ಕೇ ಕೈ ಹಾಕಿದೆವು.

ಗ್ರೈಂಡರ್ ಅಂದಾಗ ನೆನಪಾಯಿತು. ನಾನೂ ಅದನ್ನೇ ಮಾಡಿದವನು. ಒಂದು ರಾತ್ರಿ ಕೂತು ಎರಡೂ ಕಡೆ ಒಂದೂವರೆ ಸುತ್ತು ಸ್ಪ್ರಿಂಗ್ ಕತ್ತರಿಸಿದೆ. ಕತ್ತರಿಸಿದ ಸ್ಪ್ರಿಂಗು ಗಿಡ್ಡ ಆಗೋದಷ್ಟೇ ಅಲ್ಲ, ಬಿರುಸೂ ಆಗುತ್ತೆ. ಅದು ಆಮೇಲೆ ಬೆನ್ನಿಗೆ ಗೊತ್ತಾಯಿತು. ಬೆಳಿಗ್ಗೆ ಗಾಡಿ ನೋಡಿ ಏನು ಖುಷಿ! ನಾಲ್ಕು ಕಡೆಯಿಂದ ಫೋಟೊ ತೆಗೆದೆ. ಅವತ್ತೇ ಹೋಗಿ ಅಲೈನ್‌ಮೆಂಟ್ ಮಾಡಿಸಿದೆ. ಕೆಲವು ವಾರ ಕಳೆಯಿತು. ನೇರ ಹೋಗುವಾಗ ಸ್ಟೇರಿಂಗ್ ಚಕ್ರ ಓರೆ ನಿಲ್ಲೋಕೆ ಶುರುವಾಯಿತು, ಟೈರು ಕುಯ್ ಅಂತ ಕೂಗೋಕೆ ಶುರುವಾಯಿತು. ಅಲೈನ್‌ಮೆಂಟ್ ಮಾಡಿದವರ ಹತ್ತಿರ ಜಗಳಕ್ಕೇ ಹೋದೆ. ವಯಸ್ಸಾದವರು. ನಾನು ಕೂಗಾಡಿ ಮುಗಿಸೋವರೆಗೂ ಸುಮ್ಮನಿದ್ದರು. ಆಮೇಲೆ ನನ್ನ ಕೈ ಹಿಡಿದು ಟೈರಿನ ಮೇಲೆ ಅಡ್ಡಲಾಗಿ ಆಡಿಸಿದರು. ಆ ಕಡೆ ಹೋಗುವಾಗ ನುಣ್ಣಗೆ, ಈ ಕಡೆ ಬರುವಾಗ ಗರಗಸ. ಒಳ ಅಂಚಿಗೆ ಬಂದಾಗ ಬೆರಳಿಗೆ ಏನೋ ಚುಚ್ಚಿತು. ತಂತಿ. 'ಗರಗಸ ಟೋದು, ಒಳ ಅಂಚು ಸವೆದದ್ದು ಕ್ಯಾಂಬರು. ನಾನು ಸರಿ ಮಾಡಿದ್ದು ಅವತ್ತಿನ ಎತ್ತರಕ್ಕೆ ಕಣಪ್ಪಾ. ನಿನ್ನ ಗಾಡಿ ಆಮೇಲೂ ಕೂತಿದೆ' ಅಂದರು. ಸ್ಪ್ರಿಂಗು, ಆರ್ಮಿನ ಕೀಲಿನಲ್ಲಿರುವ ಬುಷ್ಷು ಎಲ್ಲ ನೆಲೆಗೆ ಬರೋಕೆ ಸ್ವಲ್ಪ ಓಡಬೇಕು. ಅಷ್ಟರಲ್ಲಿ ಚಕ್ರ ಇನ್ನೊಂಚೂರು ಮೇಲೆ ಹೋಗಿತ್ತು.

ಹಾಗಾದರೆ ಇಳಿಸಲೇಬಾರದಾ? ಇಳಿಸಿ. ಆರ್ಮುಗಳ ಕೋನ ಮುಟ್ಟದೆ ಇಳಿಸಿ. ಡ್ರಾಪ್ ಸ್ಪಿಂಡಲ್ ಇರೋದೇ ಅದಕ್ಕೆ. ಅದರಲ್ಲಿ ಚಕ್ರ ಕೂರುವ ಗೂಟವನ್ನೇ ಸುಮಾರು ಎರಡು, ಎರಡೂವರೆ ಇಂಚು ಮೇಲಕ್ಕೆ ಕೂರಿಸಿರುತ್ತಾರೆ. ಮೈ ಇಳಿಯುತ್ತೆ, ಆರ್ಮುಗಳು ಇದ್ದ ಹಾಗೇ ಇರುತ್ತವೆ. ದುಬಾರಿ ಅಂತೀರಿ. ಟೈರು ಪುಕ್ಕಟೆ ಸಿಗುತ್ತಾ?

ಎಲ್ಲ ಟ್ರಕ್ಕೂ ಒಂದೇ ಅಲ್ಲ. 1965ರಲ್ಲಿ ಫೋರ್ಡ್ ಎಫ್-100ಕ್ಕೆ ಟ್ವಿನ್ ಐ-ಬೀಮ್, ಅಂದರೆ ಮುಂದಿನ ಚಕ್ರಕ್ಕೊಂದರಂತೆ ಎರಡು ತೊಲೆ, ಬಂತು. ಒಂದೊಂದು ಚಕ್ರದ ತೊಲೆಯೂ ಎದುರು ಪಕ್ಕದಲ್ಲಿ ಕೀಲು ಹಾಕಿಕೊಂಡಿದೆ. ಅಲ್ಲಿ ಬರೀ ಸ್ಪ್ರಿಂಗ್ ಗಿಡ್ಡ ಮಾಡಿದರೆ ತೊಲೆಯ ಜೊತೆ ಚಕ್ರವೂ ವಾಲಲೇಬೇಕು. ಮುಂದಿನ ಚಕ್ರಗಳು ಕಿಂಗ್‌ಪಿನ್ ಎಂಬ ಉಕ್ಕಿನ ಗೂಟದ ಸುತ್ತ ಹೊರಳುತ್ತಿದ್ದ ಕಾಲದಲ್ಲಿ ಕ್ಯಾಂಬರ್ ಸರಿ ಮಾಡಬೇಕಾದರೆ ತೊಲೆಯನ್ನೇ ಬಗ್ಗಿಸುತ್ತಿದ್ದರು! ಅದಕ್ಕೂ ಹಳೆಯ, ಒಂದೇ ಗಟ್ಟಿ ಆಕ್ಸಲ್‌ನ ಗಾಡಿಗಳಲ್ಲಿ ಇಳಿಸಿದರೆ ಕ್ಯಾಂಬರ್ ಕದಲೋದಿಲ್ಲ. ಹಳಬರು ಪುಣ್ಯವಂತರು. ಆದರೆ ಅವರನ್ನೂ ಕ್ಯಾಸ್ಟರ್ ಬಿಡೋದಿಲ್ಲ.

ಕ್ಯಾಸ್ಟರ್ ಅಂದರೆ ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿರುತ್ತಲ್ಲ, ಅದು. ಅದರ ದಯೆಯಿಂದಲೇ ಚಿಕ್ಕವರಿದ್ದಾಗ ನಾವು ಕೈ ಬಿಟ್ಟು ಸೈಕಲ್ ಹೊಡೆದು ಮೊಣಕಾಲು ತರಚಿಕೊಂಡದ್ದು. ಹಿಂದಿನ ತೊಟ್ಟಿ ಗಿಡ್ಡ ಇರುವ ಸಿ-10 ಶಾರ್ಟ್ ಬೆಡ್‌ನ ವ್ಹೀಲ್‌ಬೇಸ್, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ ಇರುವ ದೂರ, 115 ಇಂಚು. ಮುಂದಿಗಿಂತ ಹಿಂದೆ ಎರಡು ಇಂಚು ಹೆಚ್ಚು ಇಳಿಸಿದರೆ ಫ್ರೇಮು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತೆ, ಕ್ಯಾಸ್ಟರ್ ಅಷ್ಟು ಹೆಚ್ಚುತ್ತೆ. ಮುಂದೆ ನಾಲ್ಕು, ಹಿಂದೆ ಆರು ಅಂತ ಇಳಿಸುವವರಿಗೆ ಇದು ಲಾಭ. ಮುಂದೆ ಮಾತ್ರ ಎರಡು ಇಂಚು ಇಳಿಸಿದರೆ ಒಂದು ಡಿಗ್ರಿ ಕಳೆದುಕೊಂಡಿರಿ, ಹೈವೇಯಲ್ಲಿ ಗಾಡಿ ಅಲೆದಾಡುತ್ತೆ. ಇನ್ನೊಂದು ವಿಷಯ. ಹಳೇ ಪುಸ್ತಕದಲ್ಲಿರುವ ಕ್ಯಾಸ್ಟರ್ ಅಂಕಿ ಪವರ್ ಸ್ಟೇರಿಂಗ್ ಇಲ್ಲದ, ಹಳೇ ನಮೂನೆಯ ಬಯಾಸ್ ಟೈರಿನ ಕಾಲದ್ದು. ಈಗಿನ ರೇಡಿಯಲ್ ಟೈರು ಹಾಕಿ, ಪವರ್ ಸ್ಟೇರಿಂಗ್ ಕೂರಿಸಿ, ಅದೇ ಅಂಕಿಗೆ ಜೋತು ಬೀಳಬೇಡಿ. ಹೆಚ್ಚು ಕ್ಯಾಸ್ಟರ್ ಕೇಳಿ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ, ಮುಖ ನೋಡಿದರೆ ಎರಡೇ ಅನಿಸುತ್ತೆ.

ಹಿಂದಿನ ಆಕ್ಸಲ್ ಬಗ್ಗೆ ಒಂದೇ ಮಾತು. ಸಿ-10ರಲ್ಲಿ ಅದನ್ನು ಅಡ್ಡಕ್ಕೆ ಹಿಡಿದಿರುವ ರಾಡು ಗಿಡ್ಡದು. ಗಾಡಿ ಇಳಿದರೆ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತೆ, ಉದ್ದ ಹೊಂದಿಸಬಹುದಾದ ರಾಡು ಹಾಕಿ. ಉಳಿದದ್ದು ಹೊರಗೆ ಸಿಕ್ಕಿದಾಗ ಕೇಳಿ.

ಅಲೈನ್‌ಮೆಂಟ್‌ಗೆ ಹೋಗುವ ಮುಂಚೆ ಆರ್ಮಿನ ತುದಿಯ ಬಾಲ್ ಜಾಯಿಂಟು, ಬುಷ್ಷು ನೋಡಿಸಿ, ಗಾಡಿ ಕೆಲವು ದಿನ ಓಡಿಸಿ. ಅಲೈನ್‌ಮೆಂಟ್ ಮಾಡುವಾಗ ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟು ತೂಕ ಕೂರಿಸಿ. ನೀವೇ ಕೂತರೂ ಆಯಿತು. ಕ್ಯಾಸ್ಟರ್, ಕ್ಯಾಂಬರ್ ಮೊದಲು, ಟೋ ಕೊನೆಗೆ, ಯಾಕೆಂದರೆ ಆ ಎರಡನ್ನು ಸರಿ ಮಾಡೋಕೆ ಶಿಮ್, ಅಂದರೆ ತೆಳು ಲೋಹದ ಬಿಲ್ಲೆ, ಹಾಕಿ ತೆಗೆದರೆ ಟೋ ಮತ್ತೆ ಕೆಡುತ್ತೆ.

ಆ ಟೈರನ್ನು ಇನ್ನೂ ಎಸೆದಿಲ್ಲ, ಬಾಗಿಲ ಪಕ್ಕ ಇಟ್ಟಿದ್ದೇನೆ. ಹೋಗುವಾಗ ಕೈ ಆಡಿಸಿ ನೋಡಿ. ಒಳ ಅಂಚಿನ ಕಡೆ ಮಾತ್ರ ಹುಷಾರು, ತಂತಿ ಎದ್ದಿದೆ.