ಮೂರನೇ ಕೋವಿ ಮಾರುವವರು ಆಯುಧಪೂಜೆಗೆ ಮುಂಚೆ ಪತ್ರ ಕೊಡಿ

(2020ರ ಅಕ್ಟೋಬರ್‌ನಲ್ಲಿ ರೇಡಿಯೋದಲ್ಲಿ ಆಡಿದ ಮಾತು. ಇದರಲ್ಲಿ ಹೇಳಿದ ಗಡುವು ಆ ವರ್ಷವೇ ಮುಗಿದಿದೆ.)

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮೂರು ಕೋವಿ ಇರುವವರು ರೇಡಿಯೋ ಸ್ವಲ್ಪ ಹತ್ತಿರ ಎಳೆದುಕೊಳ್ಳಿ. ಪಕ್ಕದ ತೋಟದವರ ಮೂರನೇ ಕೋವಿಗೆ ಬೆಲೆ ಮಾತಾಡಿ ಇಟ್ಟಿರುವವರೂ ಕೇಳಿಸಿಕೊಳ್ಳಿ. ಇವತ್ತಿನ ಮಾತು ನಿಮ್ಮಿಬ್ಬರಿಗೇ.

ಒಬ್ಬರಿಗೆ ಮೂರು ಕೋವಿ ಅನ್ನುವ ಲೆಕ್ಕ 1983ರಿಂದ ಇತ್ತು. 2019ರಲ್ಲಿ ಸಂಸತ್ತು ಆಯುಧ ಕಾಯ್ದೆಗೆ ತಿದ್ದುಪಡಿ ತಂದಿತು. ಈಗ ಎರಡೇ. ಮಸೂದೆಯಲ್ಲಿ ಮೊದಲು ಒಂದೇ ಅಂತ ಇತ್ತು, ವಿರೋಧ ಬಂದ ಮೇಲೆ ಎರಡಾಯಿತು. 2019ರ ಡಿಸೆಂಬರ್ 14ಕ್ಕೆ ಕಾನೂನು ಜಾರಿಗೆ ಬಂತು. ಹೆಚ್ಚಿನ ಕೋವಿ ಬಿಟ್ಟುಕೊಡಲು ಒಂದು ವರ್ಷ ಕೊಟ್ಟಿದ್ದಾರೆ. ಅಂದರೆ 2020ರ ಡಿಸೆಂಬರ್ 13ರ ತನಕ.

ಈ ತಾರೀಖು ಎಲ್ಲರಿಗೂ ಬಾಯಿಪಾಠ ಆಗಿದೆ. ದಾರಿಯಲ್ಲಿ ಸಿಕ್ಕವರೆಲ್ಲ "ಇನ್ನೂ ಎರಡು ತಿಂಗಳಿದೆಯಲ್ಲ ಸಾರ್, ಕಾಫಿ ಕೊಯ್ಲಿನ ಹೊತ್ತಿಗೆ ನೋಡೋಣ" ಅನ್ನುತ್ತಾರೆ. ಠಾಣೆಗೆ ಒಪ್ಪಿಸುವವರಿಗೆ ಇದೆ, ಒಪ್ಪುತ್ತೇನೆ. ಮಾರುವವರಿಗೆ ಇಲ್ಲ. ಮಾರುವವರು ಆಯುಧಪೂಜೆಗೆ ಮುಂಚೆ ಪತ್ರ ಕೊಟ್ಟಿರಬೇಕು.

ಯಾಕೆ ಅಂತ ಹೇಳುತ್ತೇನೆ. ಲೈಸೆನ್ಸ್ ಇರುವವರು ತಮ್ಮ ಕೋವಿಯನ್ನು ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಮಾರಬಹುದು. ಆದರೆ ಯಾರಿಗೆ ಮಾರುತ್ತೇವೆ, ಅವರ ವಿಳಾಸ ಏನು ಅಂತ ಡಿಸಿಯವರಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸಬೇಕು. ತಿಳಿಸಿ 45 ದಿನ ಕಳೆಯುವ ತನಕ ಕೋವಿ ಕೈ ಬದಲಾಗುವ ಹಾಗಿಲ್ಲ. ಇದು ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಇದೆ.

ಈಗ ಬೆರಳು ಮಡಿಚಿ ಎಣಿಸಿ. ಅಕ್ಟೋಬರ್ 23ರ ಶುಕ್ರವಾರ ಪತ್ರ ಕೊಟ್ಟಿರಿ ಅಂದುಕೊಳ್ಳಿ. ಅಕ್ಟೋಬರ್‌ನಲ್ಲಿ ಎಂಟು ದಿನ, ನವೆಂಬರ್ ಪೂರ್ತಿ ಮೂವತ್ತು, ಡಿಸೆಂಬರ್‌ನಲ್ಲಿ ಏಳು. ಅಲ್ಲಿಗೆ 45. ಆಮೇಲೆ ಲೈಸೆನ್ಸ್ ಪುಸ್ತಕದಲ್ಲಿ ಬರೆಸಲು ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕೇ ದಿನ. 12 ಎರಡನೇ ಶನಿವಾರ, 13 ಭಾನುವಾರ. ಕಚೇರಿ ಬಾಗಿಲು ತೆರೆಯುವುದಿಲ್ಲ. 23 ತಪ್ಪಿದರೆ ಮುಂದೆ ನಾಲ್ಕನೇ ಶನಿವಾರ, ಆಯುಧಪೂಜೆ, ವಿಜಯದಶಮಿ, ಸಾಲಾಗಿ ರಜೆ. ಹಬ್ಬ ಮುಗಿಸಿಕೊಂಡು ಹೋದವರಿಗೆ ದಿನ ಸಾಲುವುದಿಲ್ಲ. ಅದಕ್ಕೇ ಆಯುಧಪೂಜೆಗೆ ಮುಂಚೆ ಅನ್ನುತ್ತಿದ್ದೇನೆ.

ಇಷ್ಟು ಒತ್ತಿ ಹೇಳಲು ಒಂದು ಕಾರಣ ಇದೆ. 1983ರಲ್ಲಿ ನಾನು ಮಲೆನಾಡಿನ ಒಂದು ಕಚೇರಿಯ ಲೈಸೆನ್ಸ್ ಶಾಖೆಗೆ ಹೊಸದಾಗಿ ಸೇರಿದ ಗುಮಾಸ್ತ. ಮೂರು ಕೋವಿಯ ಮಿತಿ ಬಂದದ್ದು ಆ ವರ್ಷವೇ, ಜೂನ್ ತಿಂಗಳಲ್ಲಿ. ಆಗ ಕೊಟ್ಟಿದ್ದು ಬರೀ 90 ದಿನ, ಅದೂ ಮಳೆಗಾಲದ ನಡುಮಧ್ಯೆ. ತೋಟದ ಹಿರಿಯರೊಬ್ಬರ ಹತ್ತಿರ ನಾಲ್ಕು ಕೋವಿ ಇದ್ದವು. ಒಂದು ಅಜ್ಜನ ಕಾಲದ ಕೇಪಿನ ಕೋವಿ, ಎರಡು ಒಂಟಿ ನಳಿಗೆ, ಇನ್ನೊಂದು ವಿಲಾಯಿತಿ ಜೋಡಿ ನಳಿಗೆ. ಜೋಡಿ ನಳಿಗೆಯನ್ನು ಪಕ್ಕದ ಮನೆಯವರಿಗೆ ಮಾರುವುದು ಅಂತ ಆಯಿತು. ಅವರಿಗೂ ಲೈಸೆನ್ಸ್ ಇತ್ತು. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ದುಡ್ಡು ಎಣಿಸಿದರು. ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಮಳೆಗೆ ಹೊದೆಯುವ ಗೊರಬಿನ ಅಡಿಯಲ್ಲಿ ಹಿಡಿದುಕೊಂಡು ಹೋದರು. ವ್ಯವಹಾರ ಮುಗಿಯಿತು ಅಂತ ಇಬ್ಬರೂ ನಂಬಿದರು. ಮಳೆ ಬಿಡಲಿ, ಪೇಟೆಗೆ ಹೋದಾಗ ಬರೆಸೋಣ ಅಂದುಕೊಂಡರು.

ಮಳೆ ಬಿಡುವ ಹೊತ್ತಿಗೆ ಗಡುವು ದಾಟಿತ್ತು. ಕೊಂಡವರು ಒಂದು ರಾತ್ರಿ ಹಂದಿ ಕಾಟಕ್ಕೆ ಗದ್ದೆ ಕಾಯಲು ಹೊರಟಿದ್ದಾಗ ಪೊಲೀಸರು ತಡೆದರು. ಲೈಸೆನ್ಸ್ ಪುಸ್ತಕ ತೆಗೆದರೆ ಅದರಲ್ಲಿ ಆ ಕೋವಿಯ ನಂಬರೇ ಇಲ್ಲ. ಜೋಡಿ ನಳಿಗೆ ಠಾಣೆ ಸೇರಿತು. ಇಬ್ಬರ ಮೇಲೂ ಕೇಸಾಯಿತು.

ಆ ಹಿರಿಯರು ತಮ್ಮ ಪುಸ್ತಕ ಹಿಡಿದು ನನ್ನ ಮೇಜಿನ ಮುಂದೆ ನಿಂತದ್ದು ಇನ್ನೂ ಕಣ್ಣಮುಂದಿದೆ. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪುಸ್ತಕ ತೆರೆದೆ. ನಾಲ್ಕು ಸಾಲು, ನಾಲ್ಕು ನಂಬರು, ಕಪ್ಪು ಶಾಯಿಯಲ್ಲಿ. ಒಂದಕ್ಕೂ ಗೆರೆ ಎಳೆದಿರಲಿಲ್ಲ. ಜಗಲಿಯಲ್ಲಿ ಏನು ನಡೆದಿದ್ದರೂ ಪುಸ್ತಕದ ಪ್ರಕಾರ ಅವರ ಹತ್ತಿರ ನಾಲ್ಕು ಕೋವಿ. ಎರಡು ವರ್ಷ ಕೋರ್ಟಿಗೆ ಅಲೆದರು. ಒಂದು ದಿನ ಬಂದು ಮೆಲ್ಲಗೆ ಕೇಳಿದರು, "ಮಾರಾಯ, ಕೋವಿ ವಾಪಸ್ ಬೇಡ. ಒಂದು ಸಲ ಠಾಣೆಗೆ ಹೋಗಿ ಅದಕ್ಕೆ ಎಣ್ಣೆ ಹಚ್ಚಿ ಬರಲು ಬಿಡ್ತಾರಾ ಕೇಳು." ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕೋವಿಯನ್ನು ಆಮೇಲೊಮ್ಮೆ ನೋಡಿದೆ. ನಳಿಗೆಯ ಬಾಯಲ್ಲಿ ಕೆಂಪಗೆ ತುಕ್ಕು ಹಿಡಿದಿತ್ತು.

ಇವರಿಬ್ಬರೂ ಕಳ್ಳರಲ್ಲ, ಸುಳ್ಳರಲ್ಲ. ಬರೆಸುವುದನ್ನು ಮುಂದೆ ಹಾಕಿದರು, ಅಷ್ಟೇ. ದುಡ್ಡು ಎಣಿಸಿದ ದಿನ ಕೋವಿ ನಿಮ್ಮದಾಗುವುದಿಲ್ಲ. ಮಾರಿದವರ ಪುಸ್ತಕದಲ್ಲಿ ಆ ನಂಬರಿಗೆ ಗೆರೆ ಬಿದ್ದು, ನಿಮ್ಮ ಪುಸ್ತಕದಲ್ಲಿ ಬರೆದ ದಿನ ಆಗುತ್ತದೆ. ಆ ದಿನ ಡಿಸೆಂಬರ್ 13ರ ಒಳಗೆ ಬರಬೇಕಾದರೆ ಪತ್ರ ಆಯುಧಪೂಜೆಗೆ ಮುಂಚೆ ಹೋಗಬೇಕು.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕೊಳ್ಳುವವರಿಗೂ ಮಿತಿ ಎರಡೇ. ಅವರ ಪುಸ್ತಕದಲ್ಲಿ ಜಾಗ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಬೆಲೆ ಮಾತಾಡಿ. ಅಪ್ಪನಿಂದ ಬಂದದ್ದು, ಅಜ್ಜನದ್ದು ಅಂತ ಹೇಳಿದರೂ ಲೆಕ್ಕ ಎರಡೇ. ಕೊಡಗಿನ ಕೊಡವರಿಗೆ, ಅಲ್ಲಿನ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯ ವಿಷಯ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ.

ಮಾರಲು ಆಗದಿದ್ದರೆ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಅಂಗಡಿಗೋ ಜಮಾ ಮಾಡಿ, ರಸೀದಿ ತೆಗೆದುಕೊಳ್ಳಿ. ಚುನಾವಣೆ ಹೊತ್ತಿನಲ್ಲಿ ಇಡುತ್ತೀರಲ್ಲ, ಆ ಜಮಾ ಅಲ್ಲ ಇದು. ಅದು ಎಣಿಕೆ ಮುಗಿದ ಮೇಲೆ ಮನೆಗೆ ಬರುತ್ತದೆ. ಇದರ ಲೈಸೆನ್ಸು ಗಡುವು ಮುಗಿದ 90 ದಿನದೊಳಗೆ ರದ್ದಾಗುತ್ತದೆ.

ಪತ್ರದಲ್ಲಿ ಕೋವಿಯ ನಂಬರನ್ನು ಪುಸ್ತಕ ನೋಡಿ ಬರೆಯಬೇಡಿ. ಸೀಮೆಎಣ್ಣೆ ಬಟ್ಟೆಯಲ್ಲಿ ಕೋವಿಯನ್ನೇ ಒರೆಸಿ, ಬೆಳಕಿಗೆ ಹಿಡಿದು ಓದಿ. 3 ಅನ್ನುವ ಅಂಕಿ 8ರಂತೆ ಕಾಣುವುದುಂಟು. ಪತ್ರ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳಿ. 45 ದಿನ ಎಣಿಸುವುದು ಆ ಸೀಲಿನಿಂದ. 23ನೇ ತಾರೀಖು, ಶುಕ್ರವಾರ. ಹೋಗುವಾಗ ಮಾಸ್ಕ್ ಮರೆಯಬೇಡಿ.

ನಮಸ್ಕಾರ.