ತುಂಬಿದ ಕಾಲು, ಖಾಲಿ ಕಾಲು
(ಗೋಣಿಕೊಪ್ಪಲಿನಲ್ಲಿ ಹಿರಿಯರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಹತ್ತಿರ ಬಂತು. ಕಣದಲ್ಲಿ, ಮೆಟ್ಟಿಲ ಮೇಲೆ, ಬಚ್ಚಲ ಹಿಂದೆ ಇನ್ನು ಪಾಚಿ ಕಟ್ಟುವ ಕಾಲ. ಜಾರಿ ಬಿದ್ದವರು ಕೈ ಎತ್ತಿ ಎಂದರೆ ಇಲ್ಲಿ ಎಷ್ಟು ಕೈ ಮೇಲೇಳುತ್ತವೋ! ನಾನೂ ಬಿದ್ದವಳೇ. ಮೂರು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ನಮ್ಮ ಕಾಫಿ ಕಣದಲ್ಲಿ ಜಾರಿದೆ. ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ತೋಟದ ಇಳಿಜಾರಿನಲ್ಲಿ ಸಲೀಸಾಗಿ ಓಡಾಡುತ್ತಿದ್ದವಳಿಗೆ ಗೇಟಿನ ತನಕ ಹೋಗಲೂ ಯಾರಾದರೂ ಜೊತೆಗೆ ಬೇಕಾಯಿತು.

ಆಗ ಮಗಳು ಮೊಬೈಲಿನಲ್ಲಿ ತೈ ಚಿ ಎಂಬ ಚೀನೀ ವ್ಯಾಯಾಮದ ವಿಡಿಯೋ ಹಾಕಿಕೊಟ್ಟಳು. ನೋಡಲು ಎಷ್ಟು ಸುಲಭ! ನಿಧಾನಕ್ಕೆ ಕೈ ಎತ್ತುವುದು, ನಿಧಾನಕ್ಕೆ ಇಳಿಸುವುದು. ಮೂರು ತಿಂಗಳು ಬಿಡದೆ ಮಾಡಿದೆ. ಬಲ ಮಂಡಿ ನೋಯಲು ಶುರುವಾಯಿತು. ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಮಡಿಕೇರಿಯಲ್ಲಿ ನಾಲ್ಕು ದಿನದ ಕಾರ್ಯಾಗಾರ ಇದೆ ಎಂದು ಗೊತ್ತಾಯಿತು. ಹೋದ ವರ್ಷ, ಕಾಫಿ ಹೂ ಬಿಟ್ಟಿದ್ದ ಸಮಯ.

ಕಲಿಸಲು ಬಂದವರು ಸುಮಾರು ಅರವತ್ತರ ಹೆಂಗಸು. ಟೀಚರ್ ಎಂದೇ ಕರೆಯುತ್ತಿದ್ದೆವು. ಮೊದಲ ದಿನ ಇಡೀ ಬೆಳಿಗ್ಗೆ ಅವರು ನಮ್ಮಿಂದ ಮಾಡಿಸಿದ್ದು ಎರಡೇ ಕೆಲಸ. ನಿಲ್ಲುವುದು. ಒಂದು ಹೆಜ್ಜೆ ಇಡುವುದು. ನಮ್ಮಲ್ಲಿ ಕೆಲವರಿಗೆ ಬೇಸರವಾಯಿತು, ಇದನ್ನು ಕಲಿಯಲು ಇಷ್ಟು ದೂರ ಬರಬೇಕಿತ್ತಾ ಎಂದು. ನನಗೆ ಆ ಬೆಳಿಗ್ಗೆಯೇ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿತು. ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ನಾವು ಮಾಮೂಲಿಯಾಗಿ ಹೇಗೆ ನಡೆಯುತ್ತೇವೆ? ಮೈಯನ್ನು ಮುಂದಕ್ಕೆ ಬೀಳಲು ಬಿಡುತ್ತೇವೆ, ಮುಂದಿನ ಕಾಲು ಬಂದು ಅದನ್ನು ಹಿಡಿಯುತ್ತದೆ. ಒಣ ನೆಲದಲ್ಲಿ ಇದು ಸರಿ. ಪಾಚಿಯ ಮೇಲೆ ಆ ಮುಂದಿನ ಕಾಲು ಜಾರಿದರೆ ಹಿಂದೆ ಹೋಗಲು ದಾರಿಯೇ ಇಲ್ಲ. ಭಾರ ಆಗಲೇ ಅದರ ಮೇಲೆ ಬಿದ್ದಾಗಿದೆ. ತೈ ಚಿ ಹೆಜ್ಜೆಯಲ್ಲಿ ಹಾಗಲ್ಲ. ಮೊದಲು ಇಡೀ ಭಾರ ಒಂದು ಕಾಲಿಗೆ. ಅದು ತುಂಬಿದ ಕಾಲು. ಇನ್ನೊಂದು ಖಾಲಿ ಕಾಲು. ಖಾಲಿ ಕಾಲನ್ನು ಮುಂದಿಟ್ಟು, ಹಿಮ್ಮಡಿ ತಾಗಿಸಿ, ನೆಲ ಹೇಗಿದೆ ಎಂದು ನೋಡಿ, ಆಮೇಲೆ ಮೆಲ್ಲಗೆ ಭಾರ ಸಾಗಿಸುವುದು. ಕೊಡದಿಂದ ಕೊಡಕ್ಕೆ ನೀರು ಬಗ್ಗಿಸಿದ ಹಾಗೆ. ನೆಲ ಸರಿಯಿಲ್ಲ ಅನ್ನಿಸಿದರೆ ಕಾಲು ವಾಪಸ್ ತೆಗೆಯಬಹುದು.

ಇದು ನಮಗೆ ಹೊಸದಲ್ಲ, ಅಲ್ವಾ? ನಾಟಿ ಸಮಯದಲ್ಲಿ ಗದ್ದೆಯ ಬದುವಿನ ಮೇಲೆ ಸಸಿಯ ಕಟ್ಟು ಹೊತ್ತು ನಡೆಯುವವರನ್ನು ನೋಡಿ. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವವರ ಕಾಲು ನೋಡಿ. ಮೇಲಿನ ಮೆಟ್ಟಿಲು ಗಟ್ಟಿಯಿದೆಯೇ ಎಂದು ಗೊತ್ತಾಗುವ ತನಕ ಅವರು ಕೆಳಗಿನ ಕಾಲಿನ ಭಾರ ಬಿಡುವುದಿಲ್ಲ. ಹಾಕಿ ಆಡಿದವರಿಗೆ ಸೊಂಟ ಇಳಿಸಿ, ಮಂಡಿ ಸಡಿಲ ಇಟ್ಟುಕೊಳ್ಳುವುದು ಗೊತ್ತು. ಇದೆಲ್ಲ ನಮ್ಮ ಮೈಯಲ್ಲೇ ಇತ್ತು. ವಯಸ್ಸಾದ ಮೇಲೆ, ಸಿಮೆಂಟ್ ನೆಲದ ಮೇಲೆ ಮಾತ್ರ ನಡೆದು, ಕೈಬಿಟ್ಟಿದ್ದೇವೆ.

ಯಾಕೆ ಅಷ್ಟು ನಿಧಾನ ಎಂದು ಎಲ್ಲರೂ ಕೇಳುತ್ತಾರೆ. ಬೇಗ ಮಾಡಿದರೆ ವೇಗವೇ ನಮ್ಮನ್ನು ದಾಟಿಸಿಬಿಡುತ್ತದೆ. ನಿಧಾನಕ್ಕೆ ಮಾಡಿದರೆ ಆ ಸಹಾಯ ಇಲ್ಲ. ನಿಂತ ಕಾಲಿನ ತೊಡೆ, ಮೀನಖಂಡ, ಪಾದದ ಕೀಲು ಎಲ್ಲವೂ ದುಡಿಯಲೇಬೇಕು. ಹತ್ತು ನಿಮಿಷಕ್ಕೆ ತೊಡೆ ನಡುಗುತ್ತದೆ.

ಎರಡನೆಯ ದಿನ ಟೀಚರ್ ನನ್ನ ಹತ್ತಿರ ಬಂದರು. ನನ್ನ ಕೈ ಕಡೆ ನೋಡಲೇ ಇಲ್ಲ. ಸ್ವಲ್ಪ ಹೊತ್ತು ಮಂಡಿ ನೋಡಿದರು. ಆಮೇಲೆ ಸೊಂಟಕ್ಕೆ ತೊಡೆ ಸೇರುವ ಜಾಗದಲ್ಲಿ ಎರಡು ಬೆರಳು ಇಟ್ಟು, “ಅಕ್ಕ, ಇಲ್ಲಿಂದ ತಿರುಗಿ. ಮಂಡಿ ಬಾಗಿಲಿನ ತಿರುಗಣಿ ಇದ್ದ ಹಾಗೆ, ಮಡಚಲು ಮಾತ್ರ ಇರುವುದು. ಅದನ್ನು ತಿರುಚಬೇಡಿ” ಎಂದರು. ಮಂಡಿ ಯಾವಾಗಲೂ ಕಾಲ್ಬೆರಳು ತೋರಿಸುವ ಕಡೆಗೇ ಇರಬೇಕು, ಬೆರಳ ತುದಿ ದಾಟಬಾರದು. ಅಷ್ಟೇ. ಮೂರು ತಿಂಗಳಿನಿಂದ ನಾನು ಮಂಡಿಯನ್ನು ತಿರುಚುತ್ತಿದ್ದೆ. ವಿಡಿಯೋ ನಮಗೆ ತೋರಿಸುತ್ತದೆ, ನಮ್ಮನ್ನು ನೋಡುವುದಿಲ್ಲ. ಇನ್ನೂ ಹತ್ತು ತಪ್ಪು ನನ್ನಲ್ಲಿ ಇದ್ದಿರಬೇಕು. ಟೀಚರ್ ಅವತ್ತು ಹೇಳಿದ್ದು ಒಂದೇ. ಅದೊಂದು ಸರಿಯಾದಾಗ ಭುಜವೂ ತಾನಾಗಿ ಇಳಿಯಿತು.

ಈ ವಿದ್ಯೆಯ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಇದರ ಪೂರ್ತಿ ಹೆಸರು ತೈ ಚಿ ಚುವಾನ್. ಚುವಾನ್ ಎಂದರೆ ಮುಷ್ಟಿ. ಅಂದರೆ ಇದು ಮೂಲದಲ್ಲಿ ಕಾದಾಟದ ಕಲೆ. ಚಿ ಎಂದರೆ ಉಸಿರು, ಪ್ರಾಣ ಎಂದುಕೊಳ್ಳುವವರಿದ್ದಾರೆ. ಆ ಚಿ ಬೇರೆ, ಈ ಹೆಸರಿನೊಳಗಿನ ಚಿ ಬೇರೆ. ಚೀನೀ ಅಕ್ಷರಗಳೇ ಬೇರೆ, ನಮ್ಮ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಚೆನ್ ಮನೆತನದ ಹಳ್ಳಿಯೊಂದಿದೆ. 17ನೇ ಶತಮಾನದಿಂದ ಅಲ್ಲಿ ಮನೆಯವರ ಒಳಗೇ ಕಲಿಸುತ್ತಿದ್ದರು ಎನ್ನುತ್ತಾರೆ. ಹೊರಗಿನಿಂದ ಹೋಗಿ ಅಲ್ಲಿ ಕಲಿತ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಬೀಜಿಂಗಿನಲ್ಲಿ ಕಲಿಸಿದರು. ನಾವು ಕಲಿತಿದ್ದು ಆ ಯಾಂಗ್ ಶೈಲಿಯಿಂದ 1956ರಲ್ಲಿ ಚೀನಾ ಸರ್ಕಾರ ಸುಲಭ ಮಾಡಿಸಿದ 24 ಭಂಗಿಗಳ ಸರಣಿ. ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಕಾಡುಕುದುರೆಯ ಕೇಸರ ಬಿಡಿಸುವುದು, ಮೋಡದ ಹಾಗೆ ಕೈ ಆಡಿಸುವುದು ಎಂದು ಭಂಗಿಗಳಿಗೆ ಹೆಸರು. ನಾಲ್ಕು ದಿನದಲ್ಲಿ ನಮಗೆ ಬಂದಿದ್ದು ಮೊದಲ ಐದು.

ಕೊನೆಯ ದಿನ ಜೋಡಿಯಾಗಿ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ತಳ್ಳುವ ಅಭ್ಯಾಸ. ಟೀಚರ್ ನನ್ನ ಮುರಿದ ಕೈಯನ್ನೇ ಕೇಳಿದರು. ಹೆದರುತ್ತಲೇ ಕೊಟ್ಟೆ. ತಳ್ಳಿ ಎಂದರು. ತಳ್ಳಿದೆ. ಎದುರಿಗೆ ಒತ್ತಡವೇ ಸಿಗಲಿಲ್ಲ. ಅವರ ಸೊಂಟ ತಿರುಗಿತು, ನನ್ನ ಬಲ ಅವರ ಪಕ್ಕದಿಂದ ಹೋಯಿತು, ನಾನು ಮುಂದಕ್ಕೆ ಮುಗ್ಗರಿಸಿದೆ. ಬೀಳುವ ಮೊದಲೇ ಅವರ ಇನ್ನೊಂದು ಕೈ ನನ್ನ ಮೊಣಕೈ ಕೆಳಗಿತ್ತು. ಸಡಿಲವಾಗಿ ಇರುವುದು ಎಂದರೆ ಜೋತು ಬೀಳುವುದಲ್ಲ ಎಂದು ಆ ಕೈ ಮುಟ್ಟಿದ ಮೇಲೆ ನನಗೆ ತಿಳಿಯಿತು. ಎಷ್ಟು ಮೆತ್ತಗೆ, ಎಷ್ಟು ಗಟ್ಟಿ!

ಇದರಿಂದ ನಿಜವಾಗಿ ಪ್ರಯೋಜನ ಇದೆಯಾ ಎಂದು ಡಾಕ್ಟರುಗಳು ಪರೀಕ್ಷಿಸಿದ್ದಾರೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯ 195 ಜನ, ಒಂದೊಂದು ಗುಂಪಿಗೆ ಒಂದೊಂದು ವ್ಯಾಯಾಮ, ವಾರಕ್ಕೆ ಎರಡು ಸಲ, 24 ವಾರ. ತೈ ಚಿ ಮಾಡಿದವರ ಸಮತೋಲ ಚೆನ್ನಾಗಿ ಸುಧಾರಿಸಿತು. ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಅವರು ಬಿದ್ದಿದ್ದೂ ಕಡಿಮೆ. ಗಮನಿಸಿ, ಅವರು ಆರು ತಿಂಗಳು ಮಾಡಿದ್ದಾರೆ. ನಾಲ್ಕು ದಿನದ ಕಾರ್ಯಾಗಾರ ಮುಗಿಸಿ ಮನೆಯಲ್ಲಿ ಸುಮ್ನೆ ಕೂತರೆ ಏನೂ ಆಗುವುದಿಲ್ಲ.

ನಾನು ದಿನಾ ಬೆಳಿಗ್ಗೆ ಜಗಲಿಯಲ್ಲಿ ಇಪ್ಪತ್ತು ನಿಮಿಷ ಮಾಡುತ್ತೇನೆ. ಹೋದ ಆಗಸ್ಟ್‌ನಲ್ಲಿ, ಮಳೆ ಸ್ವಲ್ಪ ಬಿಟ್ಟಿದ್ದ ಒಂದು ದಿನ, ನಮ್ಮ ತೋಟದ ಕೆಳಗಿನ ತೋಡಿನ ಕಾಲುಸಂಕ ದಾಟಿದೆ. ಬಿದ್ದ ಮೇಲೆ ಅದೇ ಮೊದಲು. ಒಂದು ಕಾಲು ತುಂಬಿಸಿ, ಒಂದು ಕಾಲು ಖಾಲಿ ಮಾಡಿ, ಹನ್ನೊಂದು ಹೆಜ್ಜೆ. ಆಚೆ ದಡದಲ್ಲಿ ನಿಂತು ಸ್ವಲ್ಪ ಹೊತ್ತು ನೀರು ನೋಡಿದೆ. ಆಮೇಲೆ ಹಾಗೆಯೇ ವಾಪಸ್ ಬಂದೆ.

ಕಾಫಿ ಆದ ಮೇಲೆ ಆ ಹೆಜ್ಜೆ ತೋರಿಸುತ್ತೇನೆ. ಚಪ್ಪಲಿ ಕಳಚಿ ಬನ್ನಿ. ಮಂಡಿ ನೋವು, ತಲೆಸುತ್ತು ಇರುವವರು ಕುರ್ಚಿಯ ಬೆನ್ನು ಹಿಡಿದುಕೊಂಡೇ ಮಾಡಿ.